ತಗಡಿನ ಮಾಡಿನ ಕೆಳಗೆ ಒಂದು ನಾಯ್ಸ್ ರಾಕ್ ಆಲ್ಬಂ

ಎರಡು ಗಿಟಾರ್, ಒಂದು ಬಾಸ್, ಒಂದು ಡ್ರಮ್ಸ್ ಇಟ್ಟುಕೊಂಡು ನಾವು ನಾಲ್ವರು ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ತೋಟದ ಗೋದಾಮೊಂದರಲ್ಲಿ ನಮ್ಮ ಆಲ್ಬಂ ಧ್ವನಿಮುದ್ರಿಸಿಕೊಂಡೆವು. ಬೆಂಗಳೂರಿನ ಒಂದು ಚಿಕ್ಕ ಸ್ವತಂತ್ರ ಲೇಬಲ್ (ಸಂಗೀತ ಪ್ರಕಾಶನ ಸಂಸ್ಥೆ) ಅದನ್ನು ಕ್ಯಾಸೆಟ್ಟಿನಲ್ಲೂ ಡಿಜಿಟಲ್ ರೂಪದಲ್ಲೂ ಹೊರತಂದಿತು. ಗದ್ದಲವನ್ನೇ ಸಂಗೀತವಾಗಿ ಬಳಸುವ ನಾಯ್ಸ್ ರಾಕ್ ಎಂದರೆ ಕೈಗೆ ಬಂದಂತೆ ಬಾರಿಸುವುದು ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಗದ್ದಲವನ್ನೂ ಸಂಗೀತದ ಸಾಮಗ್ರಿಯಾಗಿ ಎಣಿಸಬೇಕೆಂದು ಇಟಲಿಯ ಚಿತ್ರಕಾರ ಲುಯಿಜಿ ರುಸೊಲೊ 1913ರಲ್ಲೇ ವಾದಿಸಿದ್ದ. ಆ ಮಾತನ್ನು ಮನಸ್ಸಿಟ್ಟು ಪಾಲಿಸಲು ಹೊರಟವರಿಗೆ, ಗದ್ದಲ ಎಲ್ಲಿಂದ ಹುಟ್ಟುತ್ತದೆ, ಅದರ ಶ್ರುತಿ ಯಾವುದು, ಅದನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು ಎಂಬುದರ ಮೇಲೆ ಉಳಿದ ಸಂಗೀತಗಾರರಿಗಿಂತ ಹೆಚ್ಚಿನ ನಿಗಾ ಬೇಕಾಗುತ್ತದೆ ಎಂಬುದು ನನ್ನ ಅನುಭವ.

ನಮ್ಮ ಕೆಲಸ ಶುರುವಾದದ್ದು ಕರೆಂಟಿನಿಂದ. ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂಟಿ ಸುರುಳಿ) ಇರುವ ಗಿಟಾರನ್ನು ಸದ್ದನ್ನು ಒರಟಾಗಿಸುವ ಫಜ್ ಪೆಡಲ್ ಮೂಲಕ ಆಂಪ್ಲಿಫೈಯರಿಗೆ ಜೋಡಿಸಿದರೆ, ತಂತಿ ಮುಟ್ಟುವ ಮೊದಲೇ ಗುಂಯ್ ಎನ್ನುವ ಸದ್ದು ಬರುತ್ತದೆ. ಎಲ್ಲರೂ ಅದನ್ನು ಅಡಗಿಸಲು ನೋಡುತ್ತಾರೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುವ, ಅಂದರೆ 50 ಹರ್ಟ್ಸ್‌ನದಾದ್ದರಿಂದ ಆ ಗುಂಯ್‌ಕಾರದ ಬುಡ 50 ಹರ್ಟ್ಸ್. ಅದು ಪಾಶ್ಚಾತ್ಯ ಸ್ವರಗಳಲ್ಲಿ ‘ಜಿ’ಗೆ ಹತ್ತಿರ, ಆದರೆ ಅದಕ್ಕಿಂತ ಅರ್ಧಸ್ವರದ ಮೂರನೆಯ ಒಂದು ಪಾಲಿನಷ್ಟು ಮೇಲೆ. ಅಮೆರಿಕದ ಬ್ಯಾಂಡುಗಳ 60 ಹರ್ಟ್ಸ್ ಗುಂಯ್‌ಕಾರ ಬೇರೆಯೇ ಸ್ವರದಲ್ಲಿ ನಿಲ್ಲುತ್ತದೆ. ಹೀಗಾಗಿ ನಾವು ನಮ್ಮ ಕರೆಂಟನ್ನೇ ಶ್ರುತಿಪೆಟ್ಟಿಗೆಯಂತೆ ಹಿಡಿದುಕೊಂಡೆವು. ಸಾಮಾನ್ಯವಾಗಿ 110 ಹರ್ಟ್ಸ್‌ನಲ್ಲಿರುವ ಐದನೆಯ ತಂತಿಯನ್ನು ನನ್ನ ಗಿಟಾರಿನಲ್ಲಿ 100ಕ್ಕೆ ಇಳಿಸಿದಾಗ ಅದು ಗುಂಯ್‌ಕಾರದ ಮೇಲಿನ ಸ್ಥಾಯಿಗೆ ಕೂಡಿಕೊಂಡಿತು. ಗೆಳೆಯನ ಗಿಟಾರಿನಲ್ಲಿ ಅದೇ ತಂತಿಯನ್ನು 102ಕ್ಕೆ ನಿಲ್ಲಿಸಿದೆವು. ಎರಡನ್ನೂ ಒಟ್ಟಿಗೆ ಮೀಟಿದರೆ ಸೆಕೆಂಡಿಗೆ ಎರಡರಂತೆ ಸದ್ದು ಉಬ್ಬಿ ಇಳಿಯುತ್ತದೆ. ನಮ್ಮ ಡ್ರಮ್ಮರ್ ಆ ಉಬ್ಬರಕ್ಕೇ ಲಯ ಕಟ್ಟಿದ. ಹಾಡಿಗೊಂದು ಬಗೆಯಲ್ಲಿ ತಂತಿಗಳ ಶ್ರುತಿ ಬದಲಿಸುವ ದಾರಿಯನ್ನು 1981ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಸೋನಿಕ್ ಯೂತ್ ಬ್ಯಾಂಡ್ ಎಷ್ಟೋ ಹಿಂದೆಯೇ ತೋರಿಸಿಕೊಟ್ಟಿತ್ತು. ಅದನ್ನು ನಮ್ಮ ಊರಿನ ಕರೆಂಟಿಗೆ ಹೊಂದಿಸಿಕೊಂಡದ್ದಷ್ಟೇ ನಮ್ಮದು.

ಕರೆಂಟು ಹೋದಾಗ ಜನರೇಟರಿನ ಮೊರೆ ಹೋಗಬೇಕಾಗುತ್ತಿತ್ತು. ಅದರ ಎಂಜಿನ್ ಭಾರಕ್ಕೆ ತಕ್ಕಂತೆ ನಿಧಾನವಾಗುವುದರಿಂದ, ಎರಡೂ ಆಂಪ್ಲಿಫೈಯರುಗಳು ಜೋರಾಗಿ ನುಡಿದೊಡನೆ ಗುಂಯ್‌ಕಾರದ ಶ್ರುತಿ ಕಿವಿಗೆ ಗೊತ್ತಾಗುವಷ್ಟು ಜಾರುತ್ತದೆ. ಆ ಜಾರುವಿಕೆ ಬೇಕಾದ ಒಂದು ರಚನೆಯನ್ನು ನಾವು ಬೇಕೆಂದೇ ಜನರೇಟರಿನ ಮೇಲೆ ನುಡಿಸಿದೆವು. ಗಾಜಿನ ಕೊಳವೆಗಳಿಂದ ನಡೆಯುವ ವಾಲ್ವ್ ಆಂಪ್ಲಿಫೈಯರಿನೊಳಗೆ ನೂರಾರು ವೋಲ್ಟ್ ಇರುತ್ತದೆ, ಮಳೆಗಾಲದ ನೆಲ ಸದಾ ತೇವವಾಗಿರುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವವರೆಗೆ ಯಾರೂ ಗಿಟಾರ್ ಕೈಗೆತ್ತಿಕೊಳ್ಳಬಾರದು.

ಮಳೆಗಾಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಕಾಫಿ ಕೊಯ್ಲು ಮುಗಿದು, ಒಣಗಿಸಿದ ಕಾಫಿ ಮಾರಾಟವಾದ ಮೇಲೆಯೇ ಗೋದಾಮು ಖಾಲಿಯಾಗುವುದು. ಅಷ್ಟರಲ್ಲಿ ಜೂನ್ ಬಂದಿರುತ್ತದೆ. ತಗಡಿನ ಮಾಡಿನ ಮೇಲೆ ಕೊಡಗಿನ ಮಳೆ ಸುರಿಯುವಾಗ ಪಕ್ಕದವರ ಮಾತೂ ಕೇಳಿಸದು. ತೋಟದ ಯಜಮಾನರಾದ ನಮ್ಮ ದೊಡ್ಡಪ್ಪ, “ಮಳೆ ಬಿಡುವ ತನಕ ಕಾಯುವುದಾದರೆ ಸೆಪ್ಟೆಂಬರಿಗೆ ಬನ್ನಿ” ಎಂದರು. ನಾವು ಕಾಯದೆ, ಕಂಪನವನ್ನು ವಿದ್ಯುತ್ತಾಗಿಸುವ ತೆಳುವಾದ ಪಿಯೆಜೊ ಬಿಲ್ಲೆಗಳನ್ನು ಒಳಗಿನಿಂದ ತಗಡಿಗೇ ಅಂಟಿಸಿ, ಮಾಡಿನ ಕಂಪನವನ್ನು ಪ್ರತ್ಯೇಕ ಟ್ರ್ಯಾಕ್‌ನಲ್ಲಿ ಹಿಡಿದೆವು. ಗಾಳಿಯಲ್ಲಿ ಕೇಳುವ ಮಳೆಗೂ ತಗಡಿನೊಳಗಿನ ಮಳೆಗೂ ಹೋಲಿಕೆಯೇ ಇಲ್ಲ: ಒಂದೊಂದು ಹನಿಯ ಪೆಟ್ಟೂ ಬಿಡಿಬಿಡಿಯಾಗಿ ಠಣ್ಣೆನ್ನುತ್ತದೆ, ಹನಿ ದಪ್ಪವಾದಂತೆ ತಗಡಿನ ಇಡೀ ಸಾಲೇ ಅನುರಣಿಸುತ್ತದೆ. ಡ್ರಮ್ಸ್ ಮೈಕುಗಳಿಗೂ ಮಳೆ ನುಗ್ಗುತ್ತಿದ್ದುದರಿಂದ ಇನ್ನೊಂದು ನಿಯಮ ತಾನಾಗಿ ಬಂತು. ಒಂದು ಸಲ ನುಡಿಸಿದ್ದರ ಮೊದಲ ಭಾಗಕ್ಕೆ ಇನ್ನೊಂದು ಸಲದ ಕೊನೆಯ ಭಾಗವನ್ನು ಹೊಲಿದರೆ ಮಳೆಯ ಸದ್ದು ಥಟ್ಟನೆ ಬದಲಾಗಿ ಹೊಲಿಗೆ ಬಯಲಾಗುತ್ತದೆ. ಆದ್ದರಿಂದ ಪ್ರತಿಯೊಂದು ರಚನೆಯನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ನುಡಿಸಲೇಬೇಕಾಯಿತು. ಆಲ್ಬಂನಲ್ಲಿರುವ ಬಿಗಿ ಅದರಿಂದಲೇ ಬಂದದ್ದೆಂದು ನಾನು ನಂಬಿದ್ದೇನೆ.

ಫೀಡ್‌ಬ್ಯಾಕ್‌ (ಸ್ಪೀಕರಿನ ಸದ್ದು ತಂತಿಗೆ ತಾಗಿ ಮತ್ತೆ ಸ್ಪೀಕರಿಗೇ ಹೋಗಿ ಊಳಿಡುವುದು) ಬರುವ ಬಗೆಯನ್ನು ತೀರ್ಮಾನಿಸುವುದು ಗಿಟಾರಿಗೂ ಸ್ಪೀಕರಿಗೂ ನಡುವಿನ ಅಂತರ. ಒಂದು ಗೇಣು ಹಿಂದೆ ಸರಿದರೆ ಅದೇ ತಂತಿ ಬೇರೆ ಸ್ವರಕ್ಕೆ ಜಿಗಿಯುತ್ತದೆ. ಸಿಮೆಂಟ್ ನೆಲದ ಮೇಲೆ ನಿಲ್ಲುವ ಜಾಗಗಳಿಗೆ ಇನ್ಸುಲೇಶನ್ ಟೇಪಿನ ಗುರುತು ಹಾಕಿ, ಯಾವ ಗುರುತಿನಿಂದ ಯಾವುದಕ್ಕೆ ಯಾವ ತಾಳಕ್ಕೆ ಹೋಗಬೇಕೆಂದು ಅಭ್ಯಾಸ ಮಾಡಿದೆವು. ಗೋಡೆಯ ಮಾರ್ದನಿ ಮಿತಿಮೀರಿದಲ್ಲಿ ಖಾಲಿ ಗೋಣಿಚೀಲಗಳನ್ನು ಪದರಪದರವಾಗಿ ತೂಗುಹಾಕಿದೆವು. ಕಿವಿಗೆ ಇಯರ್ ಪ್ಲಗ್ ಕಡ್ಡಾಯ: 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ಕೇಳಬಹುದೆಂಬ ಲೆಕ್ಕದಲ್ಲಿ, ಪ್ರತಿ ಮೂರು ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತ, 100 ಡೆಸಿಬಲ್‌ಗೆ ಉಳಿಯುವುದು ಹದಿನೈದೇ ನಿಮಿಷ.

ಕೊಡಗಿನ ಬ್ಯಾಂಡ್ ಎಂದ ಮೇಲೆ ದುಡಿ (ಕೊಡವರ ಸಣ್ಣ ಚರ್ಮವಾದ್ಯ) ಏಕಿಲ್ಲ ಎಂದು ಹಲವರು ಕೇಳಿದ್ದಾರೆ. ದುಡಿಗೆ ಬಾಳೋಪಾಟಿನ (ಕೊಡವರ ಸಾಂಪ್ರದಾಯಿಕ ಹಾಡು) ಜೊತೆ ತನ್ನದೇ ಆದ ಸ್ಥಾನವಿದೆ, ಅದನ್ನು ಹಿಡಿದು ಹಾಡುವವರಿಗೆ ಅದರ ಹೊಣೆಯೂ ತಿಳಿದಿದೆ; ನಮ್ಮ ಸದ್ದಿಗೆ ಊರಿನ ಮುದ್ರೆ ಒತ್ತಲೆಂದು ಅದನ್ನು ಅಲಂಕಾರಕ್ಕೆ ತರುವುದು ನನಗೆ ಸರಿಕಾಣಲಿಲ್ಲ.

ಲೇಬಲ್ ಜೊತೆಗಿನ ಕರಾರಿಗೂ ಇದೇ ನಿಗಾ ಕೊಟ್ಟೆವು. ಷಿಕಾಗೊದ ಟಚ್ ಅಂಡ್ ಗೋ ಲೇಬಲ್ 1980ರ ದಶಕದಿಂದ ಪಾಲಿಸಿದ ಪದ್ಧತಿಯನ್ನು, ಅಂದರೆ ಖರ್ಚು ಕಳೆದು ಉಳಿದ ಲಾಭವನ್ನು ಬ್ಯಾಂಡಿಗೂ ಲೇಬಲ್‌ಗೂ ಸಮಪಾಲು ಮಾಡುವುದನ್ನು, ನಾವೇ ಮುಂದಿಟ್ಟೆವು, ಅವರು ಒಪ್ಪಿದರು. ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಣದ ಹಕ್ಕು, ನಮ್ಮದೇ, ಅವರಿಗೆ ನಿಗದಿತ ಅವಧಿಯ ಪರವಾನಗಿ ಮಾತ್ರ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಪ್ರಕರಣದಂತೆ, ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕಷ್ಟೇ ಎಂದೂ ಎಣಿಸಲಾಗುತ್ತದೆ. ಧ್ವನಿಮುದ್ರಣದ ಹಕ್ಕು ಬದುಕುವುದು 60 ವರ್ಷ. ಆದ್ದರಿಂದ ‘ಹಕ್ಕಿನ ಪೂರ್ಣ ಅವಧಿಗೆ’ ಎಂಬ ಸಾಲು ಕಂಡರೆ ಹೊಸ ಬ್ಯಾಂಡಿನವರು ಸಹಿ ಹಾಕುವ ಮೊದಲು ವಕೀಲರೊಬ್ಬರಿಗೆ ತೋರಿಸಬೇಕು. ಚಿಕ್ಕ ಲೇಬಲ್ಲಿನಿಂದ ನಮಗೆ ಸಿಕ್ಕ ದೊಡ್ಡ ಲಾಭ ಇನ್ನೊಂದಿದೆ. ಜನರೇಟರಿನ ಮೇಲೆ ನುಡಿಸಿದ ಆ ದೀರ್ಘ ರಚನೆಯನ್ನು ಮೊಟಕುಗೊಳಿಸಿ ಎಂದು ಅವರು ಕೇಳಲಿಲ್ಲ. 60 ನಿಮಿಷದ ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿನ ಬಹುಪಾಲನ್ನು ಅದಕ್ಕೇ ಬಿಟ್ಟುಕೊಟ್ಟು, ಉಳಿದ ರಚನೆಗಳನ್ನೆಲ್ಲ ಮೊದಲ ಮಗ್ಗುಲಿನ ಮೂವತ್ತು ನಿಮಿಷದೊಳಗೆ ಹೊಂದಿಸಿದರು.