ಕಪ್ಪು ಕ್ಯಾನ್ವಾಸ್ ಮೇಲೆ ಸೂಪರ್‌ಹೀರೋ: ಹದಿಮೂರು ಕಂತು ಮುಗಿಸಿದ ಲೆಕ್ಕ

ನಮ್ಮ ಸೂಪರ್‌ಹೀರೋ ಕಾರ್ಟೂನ್ ಸರಣಿಯ ಬ್ಯಾಕ್‌ಗ್ರೌಂಡ್‌ಗಳನ್ನು, ಅಂದರೆ ಪಾತ್ರಗಳ ಹಿಂದಿನ ಚಿತ್ರಗಳನ್ನು, ಬಿಳಿಯ ಬದಲು ಕಪ್ಪು ಕ್ಯಾನ್ವಾಸ್‌ನಿಂದ ಶುರುಮಾಡುತ್ತೇವೆ ಎಂದಾಗ ಈ ಕೆಲಸ ಬಲ್ಲವರೇ ಮೂಗು ಮುರಿದರು. ಟಿವಿಯಲ್ಲಿ ಏನೂ ಕಾಣುವುದಿಲ್ಲ, ಮಕ್ಕಳು ಚಾನೆಲ್ ಬದಲಿಸುತ್ತಾರೆ, ಫೋನಿನಲ್ಲಂತೂ ಬರೀ ಮಸಿ ಎಂದರು. ಮೊದಲ ಎರಡು ಕಂತಿನ ಮಟ್ಟಿಗೆ ಅವರ ಮಾತೇ ನಿಜವಾಯಿತು, ಒಪ್ಪಿಕೊಳ್ಳುತ್ತೇವೆ. ಮೂರನೆಯದರಿಂದ ಹಿಡಿತ ಸಿಕ್ಕಿತು. ತಲಾ 11 ನಿಮಿಷದ 13 ಕಂತು, ತಂಡದಲ್ಲಿ ಆರು ಜನ. ಕೊನೆಯ ನಾಲ್ಕು ಕಂತುಗಳಲ್ಲಿ ಒಂದೊಂದಕ್ಕೆ ತಗುಲಿದ್ದು ಮೊದಲ ಕಂತಿನ ಖರ್ಚಿನ ಹತ್ತಿರಹತ್ತಿರ ಅರ್ಧ. ಇಲ್ಲಿರುವ ಅಂಕಿಗಳೆಲ್ಲ ನೆನಪಿನವು, ತುಸು ಆಚೀಚೆ ಇದ್ದೀತು.

ಉಪಾಯವೇನೂ ಹೊಸದಲ್ಲ. 1992ರಲ್ಲಿ ಬಂದ ಬ್ಯಾಟ್‌ಮ್ಯಾನ್ ಅನಿಮೇಟೆಡ್ ಸರಣಿಯಲ್ಲಿ, ಅದನ್ನು ರೂಪಿಸಿದವರಲ್ಲೊಬ್ಬರಾದ ಎರಿಕ್ ರಾಡೋಮ್‌ಸ್ಕಿ ಕಪ್ಪು ಕಾಗದದ ಮೇಲೆಯೇ ಬ್ಯಾಕ್‌ಗ್ರೌಂಡ್ ಬರೆಸಿದ್ದು ಎಲ್ಲರಿಗೂ ಗೊತ್ತು. ಅವರ ಹಿಂದೆ ದೊಡ್ಡ ಸ್ಟುಡಿಯೋ ಇತ್ತು, ಚಿತ್ರ ಬರೆದುಕೊಡಲು ಬೇರೆ ಬೇರೆ ದೇಶಗಳ ಸ್ಟುಡಿಯೋಗಳಿದ್ದವು. ನಾವು ಅದನ್ನು ಹಿಡಿದದ್ದು ಚಂದಕ್ಕಿಂತ ಉಳಿತಾಯಕ್ಕೆ. ಬಿಳಿ ಹಾಳೆಯಲ್ಲಿ ರಾತ್ರಿಯ ಬೀದಿ ಬರೆಯಬೇಕಾದರೆ ಇಡೀ ಹಾಳೆ ತುಂಬಬೇಕು. ಕಪ್ಪಿನಲ್ಲಿ ಬೆಳಕು ಬಿದ್ದ ಜಾಗ ಮಾತ್ರ ಬರೆದರೆ ಸಾಕು, ಉಳಿದದ್ದನ್ನು ನೋಡುಗರ ಕಣ್ಣೇ ತುಂಬಿಕೊಳ್ಳುತ್ತದೆ. ಮೊದಲ ಕಂತಿಗೆ ಅರವತ್ತರಷ್ಟು ಬ್ಯಾಕ್‌ಗ್ರೌಂಡ್, ಒಂದೊಂದಕ್ಕೆ ಒಂದು ದಿನ. ಎಂಟನೇ ಕಂತಿನ ಹೊತ್ತಿಗೆ ಹೊಸದಾಗಿ ಬರೆದದ್ದು ಇಪ್ಪತ್ತೈದು, ತಲಾ ಅರ್ಧ ದಿನ. ಉಳಿದವು ಹಳೆಯವೇ, ದೀಪದ ಜಾಗ ಬದಲಿಸಿಕೊಂಡು ಬಂದವು.

ಮೊದಲ ಕಂತು ಕೆಟ್ಟದ್ದಕ್ಕೆ ಎರಡು ಕಾರಣ. ಒಂದು, ಶುದ್ಧ ಕಪ್ಪನ್ನೇ ಬಳಸಿದ್ದು. ಬಿಗಿಯಾಗಿ ಕತ್ತಲು ಮಾಡಿದ ಸ್ಟುಡಿಯೋದ ಮಾನಿಟರ್‌ನಲ್ಲಿ ಗೋಡೆಯ ಇಟ್ಟಿಗೆಗಳು ಒಂದೊಂದಾಗಿ ಕಾಣುತ್ತಿದ್ದವು. ಬೆಳಕಿರುವ ಕೋಣೆಯ ಟಿವಿಯಲ್ಲಿ ಗೋಡೆಯೂ ಇಲ್ಲ, ನಾಯಕನೂ ಇಲ್ಲ. ಎರಡು, ಅದಕ್ಕಿಂತ ಪೆದ್ದು ತಪ್ಪು: ಬೆಳಕನ್ನು 0ಯಿಂದ 255ರವರೆಗಿನ ಅಂಕಿಯಲ್ಲಿ ಅಳೆದರೂ ವಿಡಿಯೋದಲ್ಲಿ ಕಪ್ಪು 16, ಬಿಳಿ 235 ಎಂಬ ಮಿತಿಯಿದೆಯಲ್ಲ, ನಾವು 0ಯಿಂದ 255ರವರೆಗೆ ಇದ್ದ ಫೈಲಿಗೆ ಆ ಮಿತಿಯ ಟ್ಯಾಗ್ ಹಾಕಿ ಕಳಿಸಿದೆವು. ಹದಿನಾರರ ಕೆಳಗಿದ್ದದ್ದೆಲ್ಲ ಒಂದೇ ಮಸಿಯಾಯಿತು. ಬಣ್ಣ ತಿದ್ದುವುದರಲ್ಲೇ ನಾಲ್ಕು ದಿನ ಕಳೆದ ಮೇಲೆ ತಪ್ಪು ಟ್ಯಾಗ್‌ನಲ್ಲಿದೆ ಎಂದು ತಿಳಿದದ್ದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಮೇಲೆ ಇಟ್ಟುಕೊಂಡ ಅಳತೆ ಹೀಗಿದೆ. ಅತಿ ಗಾಢ ಜಾಗ ಕಪ್ಪಲ್ಲ, ನೀಲಿಗೆ ತಿರುಗಿದ ಕಪ್ಪು, 255ಕ್ಕೆ ಇಪ್ಪತ್ತು ಇಪ್ಪತ್ತೈದರ ಆಸುಪಾಸು. ರಾತ್ರಿಯ ಗೋಡೆ, ರಸ್ತೆ 40ರಿಂದ 60. 180ಕ್ಕೆ ಮೇಲೆ ಹೋಗಲು ದೀಪ, ಕಿಟಕಿ ಮತ್ತು ಮುಖವಾಡದ ಕಣ್ಣುಗಳಿಗೆ ಮಾತ್ರ ಪರವಾನಗಿ. ಪಾತ್ರಕ್ಕೂ ಅದರ ಹಿಂದಿರುವುದಕ್ಕೂ ಕನಿಷ್ಠ 30 ಹೆಜ್ಜೆ ಅಂತರ. ಅದು ಸಿಗದ ಶಾಟ್‌ನಲ್ಲಿ ಒಂದೇ ಬದಿಯಿಂದ ಅಂಚುಬೆಳಕು, ಎಚ್‌ಡಿಯಲ್ಲಿ ನಾಲ್ಕೈದು ಪಿಕ್ಸೆಲ್ ದಪ್ಪ. ಎರಡೂ ಬದಿ ಕೊಟ್ಟರೆ ಪಾತ್ರ ಸ್ಟಿಕ್ಕರ್‌ನಂತೆ ಕಾಣುತ್ತದೆ. ಪ್ರತಿ ಶಾಟನ್ನೂ ಬಣ್ಣ ತೆಗೆದು, ಬೆಂಕಿಪೊಟ್ಟಣದಷ್ಟು ಚಿಕ್ಕದು ಮಾಡಿ ನೋಡುತ್ತಿದ್ದೆವು. ಯಾರು ಎಲ್ಲಿ ನಿಂತಿದ್ದಾರೆ ಎಂದು ಆ ಗಾತ್ರದಲ್ಲೂ ತಿಳಿದರೆ ಪಾಸು.

ಇಷ್ಟಾದರೂ ಆಕಾಶ ಕಾಡಿತು. ಗಾಢ ನೀಲಿಯಿಂದ ಕಪ್ಪಿಗೆ ಇಳಿಯುವ ಗ್ರೇಡಿಯಂಟ್, ಬಣ್ಣದ ಮೆಟ್ಟಿಲು ಕಡಿಮೆಯಿರುವ 8 ಬಿಟ್‌ಗೆ ಬಂದೊಡನೆ ಪಟ್ಟೆಪಟ್ಟೆ. ಅದರ ಮೇಲೆ ಕಂಪ್ರೆಷನ್ ಕೂತರೆ ಚೌಕಚೌಕ, ಏಕೆಂದರೆ ಕತ್ತಲೆಯ ಜಾಗಕ್ಕೆ ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಬಿಟ್ ಕೊಡುವುದರಲ್ಲಿ ಮಹಾ ಜುಗ್ಗ. 16 ಬಿಟ್‌ನಲ್ಲೇ ಬರೆದು, ಅಲ್ಲೇ ಪದರಗಳನ್ನು ಜೋಡಿಸಿ (ಕಂಪೋಸಿಟ್ ಮಾಡಿ), ಹೊರಗೆ ತೆಗೆಯುವ ಮುಂಚೆ ಸಣ್ಣ ಗ್ರೇನ್, ಅಂದರೆ ಮರಳಿನಂಥ ಚುಕ್ಕಿಗಳನ್ನು, ಸೇರಿಸಿದ ಮೇಲೆ ಪಟ್ಟೆ ಹೋಯಿತು. ಗ್ರೇನ್ ಅಲುಗದೆ ನಿಂತರೆ ಕೊಳೆ ಗಾಜಿನ ಮೂಲಕ ನೋಡಿದಂತಿರುತ್ತದೆ. ಪ್ರತಿ ಫ್ರೇಮ್‌ಗೂ ಬದಲಾದರೆ ಬಿಟ್‌ರೇಟ್ ತಿಂದು, ಕೊನೆಗೆ ಎನ್‌ಕೋಡರ್ ಅದನ್ನೇ ಒರೆಸಿ ಹಾಕುತ್ತದೆ. ಎರಡು ಫ್ರೇಮ್‌ಗೊಮ್ಮೆ ಬದಲಿಸುವುದು ಹೊಂದಿತು. ಗ್ರೇನಿನ ಗಾತ್ರ, ಪ್ರಮಾಣ ಮಾತ್ರ ನಮ್ಮಲ್ಲೇ ಇರಲಿ. ಒಂದು ವಾರ ಕೂತರೆ ನಿಮಗೂ ಸಿಗುತ್ತದೆ.

ಇದರ ನಡುವೆ ನಿಜವಾದ ಕಪ್ಪು ಕಾಗದದ ಗೀಳೂ ಹಿಡಿಯಿತು. ಸೀಮೆಸುಣ್ಣದಂಥ ಪಾಸ್ಟೆಲ್, ಪೋಸ್ಟರ್ ಕಲರ್, ಒಣ ಕುಂಚ. ಕೈಯಲ್ಲಿ ಹಿಡಿದು ನೋಡಿದರೆ ಅದ್ಭುತ. ಸ್ಕ್ಯಾನರ್ ಮಾತ್ರ ಕಪ್ಪನ್ನು ಬೂದಿ ಮಾಡಿ, ಧೂಳಿನ ಕಣವನ್ನೆಲ್ಲ ನಕ್ಷತ್ರ ಮಾಡಿತು. ಆಟೋ ಎಕ್ಸ್‌ಪೋಷರ್ ನಿಲ್ಲಿಸಿದರೆ ಅರ್ಧ ಸರಿಹೋಗುತ್ತದೆ, ಧೂಳು ಹೋಗುವುದಿಲ್ಲ. ಎರಡು ವಾರ ವ್ಯರ್ಥವೆಂದುಕೊಂಡಿದ್ದೆವು. ಆದರೆ ಒಣ ಕುಂಚದ ಆ ಗೀರುಗಳ ಮೂವತ್ತು ಸ್ಕ್ಯಾನ್‌ಗಳೇ ಮುಂದೆ ಕಂಪ್ಯೂಟರಿನ ಬ್ರಶ್ ಆಗಿ, ಗೋಡೆಯ ಟೆಕ್ಸ್ಚರ್ ಆಗಿ ಇಡೀ ಸರಣಿಗೆ ಬಂದವು. ಇನ್ನೊಂದು ಪ್ರಯೋಗದಲ್ಲಿ 3ಡಿ ಡಬ್ಬಗಳಿಂದ ಊರು ಕಟ್ಟಿದೆವು: ಹದಿನಾಲ್ಕು ಕಟ್ಟಡ, ಎಲ್ಲಕ್ಕೂ ಒಂದೇ ಕಪ್ಪು, ಮೇಲೆ ಬರೆದ ಕಿಟಕಿಗಳು. ಕ್ಯಾಮೆರಾ ತಿರುಗುವ ಶಾಟ್‌ಗೆ ಚೆನ್ನ. ನಿಂತ ಶಾಟ್‌ಗೆ ಬಳಸಿದರೆ ಗೆರೆಗಳು ಅತಿ ನೇರವಾಗಿ ಬೋಳುಬೋಳು.

ಇನ್ನು ವೇಷ. 11 ನಿಮಿಷ ಅಂದರೆ 660 ಸೆಕೆಂಡ್, ಸೆಕೆಂಡಿಗೆ 24ರಂತೆ 15,840 ಫ್ರೇಮ್. ಎರಡು ಫ್ರೇಮ್‌ಗೆ ಒಂದು ಚಿತ್ರವೆಂದರೂ 7,920 ಚಿತ್ರ. ಬೆಲ್ಟಿಗೆ ಒಂದು ಜೇಬು ಸೇರಿಸುವ ಮುನ್ನ ಈ ಸಂಖ್ಯೆಯನ್ನು ಗೋಡೆಗೆ ಅಂಟಿಸಿಕೊಳ್ಳಿ. ಮೊದಲ ಡಿಸೈನ್‌ನಲ್ಲಿ ಏಳು ಜೇಬು, ಹದಿನಾಲ್ಕು ಬಣ್ಣ, ಎದೆಯ ಮೇಲೆ ಒಂಬತ್ತು ಮೂಲೆಯ ಲಾಂಛನ ಇದ್ದವು. ಪಾತ್ರದ ಮಾದರಿ ಚಿತ್ರವಿರುವ ಮಾಡೆಲ್ ಶೀಟ್‌ನಲ್ಲಿ ಎಲ್ಲರೂ ಭೇಷ್ ಎಂದರು. ಪಾತ್ರ ಮುಕ್ಕಾಲು ತಿರುಗಿದೊಡನೆ ಲಾಂಛನ ಎದೆಯಿಂದ ಜಾರಿ ಕಂಕುಳಿಗೆ ಬಂತು. 1967ರ ಸ್ಪೈಡರ್‌ಮ್ಯಾನ್ ಸರಣಿಯಲ್ಲಿ ಬಲೆಯ ಗೆರೆಗಳನ್ನು ಮುಖವಾಡ, ಕೈಗವಸು, ಬೂಟು, ಸೊಂಟಪಟ್ಟಿಗಷ್ಟೇ ಇಟ್ಟು ಮೈಯನ್ನು ಖಾಲಿ ಬಿಟ್ಟದ್ದು ಸುಮ್ಮನೆ ಅಲ್ಲ. ನಾವು ಇಳಿದದ್ದು ಐದು ಬಣ್ಣ, ಒಂದು ನೆರಳು, ನಾಲ್ಕು ಗೆರೆಯ ಲಾಂಛನಕ್ಕೆ. ಲಾಂಛನವನ್ನು ಐದು ಕೋನಗಳಲ್ಲಿ ಮೊದಲೇ ಬರೆದಿಟ್ಟು ಬದಲಿಸುವುದು, ತಿರುಚುವುದಿಲ್ಲ. ವೇಷದ ಎಡಬಲ ಒಂದೇ ಥರ ಇರಲಿ. ಒಂದು ಭುಜಕ್ಕೆ ಮಾತ್ರ ಕವಚ ಹಾಕಿದ ಖಳನನ್ನು ಫ್ಲಿಪ್ ಮಾಡಿದಾಗಲೆಲ್ಲ ಕವಚ ಭುಜ ಬದಲಿಸುತ್ತಿತ್ತು. ಒಂದೇ ಕಂತಿನಲ್ಲಿ ಹನ್ನೊಂದು ರಿಟೇಕ್ ಅದಕ್ಕೇ ಹೋದವು.

ನಾಯಕನ ಬೆನ್ನ ಹಿಂದೆ ಇಳಿಬಿದ್ದ ಕೇಪ್ ಬಗ್ಗೆ ಎಷ್ಟು ಹೇಳಿದರೂ ಸಾಲದು. ರಿಗ್‌ನಲ್ಲಿ, ಅಂದರೆ ಪಾತ್ರವನ್ನು ಕಂಪ್ಯೂಟರಿನಲ್ಲಿ ಬೊಂಬೆಯಂತೆ ಆಡಿಸುವ ಚೌಕಟ್ಟಿನಲ್ಲಿ, ಮೂಳೆ ಹಾಕಿ ಆಡಿಸಿದೆವು, ಹಲಗೆ ಕಟ್ಟಿಕೊಂಡಂತೆ ಕಂಡಿತು. ಮೂಳೆ ಹೆಚ್ಚಿಸಿದೆವು, ಒದ್ದೆ ಟವೆಲ್ ಆಯಿತು. ಬಟ್ಟೆಯ ಚಲನೆಯನ್ನು ಕಂಪ್ಯೂಟರೇ ಲೆಕ್ಕಹಾಕುವ ಕ್ಲಾತ್ ಸಿಮ್ಯುಲೇಷನ್ ಮಾಡಿ ಅದರ ಮೇಲೆ ಗೆರೆ ಎಳೆದೆವು. ಬಟ್ಟೆ ನಿಜವಾಗಿತ್ತು, ಪಾತ್ರ ಕಾರ್ಟೂನ್ ಆಗಿತ್ತು, ಎರಡಕ್ಕೂ ಜಗಳ. ಮೊದಲ ಮೂರು ಕಂತಿನ ರಿಗ್ಗಿಂಗ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಈ ಒಂದು ಬಟ್ಟೆ ನುಂಗಿತು. ಕೊನೆಗೆ ಕೈಯಲ್ಲೇ ಬರೆದ ಎಂಟೆಂಟು ಚಿತ್ರಗಳ ಮೂರು ಸೈಕಲ್, ಅಂದರೆ ಮತ್ತೆ ಮತ್ತೆ ಸುತ್ತುವ ಸರಪಳಿ: ನಿಂತಾಗ, ಗಾಳಿಯಲ್ಲಿ, ಬೀಳುವಾಗ. ಒಂದೊಂದು ಚಿತ್ರ ಮೂರು ಫ್ರೇಮ್ ನಿಲ್ಲುತ್ತದೆ. ದೇಹ ಎರಡರಲ್ಲಿ, ಕೇಪ್ ಮೂರರಲ್ಲಿ ಓಡುವುದರಿಂದ ಬಟ್ಟೆ ತುಸು ಹಿಂದುಳಿದು ಅದಕ್ಕೆ ತೂಕ ಬಂದಂತಿರುತ್ತದೆ. ಸೈಕಲ್‌ನಿಂದ ಸೈಕಲ್‌ಗೆ ಜಿಗಿತ ಕಾಣದ ಹಾಗೆ ದಾಟಿಸುವುದಕ್ಕೆ ಒಂದು ಕೈಚಳಕವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಇನ್ನೊಂದು ಲಾಭ ಹೇಳುತ್ತೇವೆ: ಕೇಪ್ ಮುಂದಕ್ಕೆ ಸುತ್ತಿಕೊಂಡು ನಿಂತ ನಾಯಕನಿಗೆ ಕೈಕಾಲು ಬರೆಯಬೇಕಾಗಿಲ್ಲ. ಮಾತಿನ ಶಾಟ್‌ಗಳಲ್ಲಿ ಅರ್ಧ ಹಾಗೆಯೇ ಇವೆ. ನೋಡಿದವರು ಅದನ್ನು ಗಾಂಭೀರ್ಯ ಎಂದುಕೊಂಡರು, ನಾವೂ ತಿದ್ದಲಿಲ್ಲ.

ಶಕ್ತಿ ಯಾವುದಿರಬೇಕು ಎಂಬುದನ್ನು ಕಥೆಗಾರರ ಕೈಗೆ ಮಾತ್ರ ಬಿಡಬೇಡಿ. ನಮ್ಮ ನಾಯಕನಿಗೆ ಮೊದಲು ಬೆಂಕಿ ಇತ್ತು. ಬೆಂಕಿಯೆಂದರೆ ಪ್ರತಿ ಫ್ರೇಮ್‌ಗೂ ಹೊಸ ಚಿತ್ರ, ಜೊತೆಗೆ ಅದರ ಬೆಳಕು ಎಲ್ಲರ ಮುಖದ ಮೇಲೂ ಆಡಬೇಕು. ಎರಡು ನಿಮಿಷದ ಬೆಂಕಿಗೆ ಎಫೆಕ್ಟ್ಸ್ ಮಾಡುವವರು ಐದು ವಾರ ಕೂತರು. ಅದನ್ನು ಕೈಬಿಟ್ಟು ನೆರಳನ್ನು ಎಳೆದು ಹಿಡಿಯುವ ಶಕ್ತಿ ಕೊಟ್ಟೆವು. ಕಪ್ಪು ಆಕಾರ, ಒಳಗೆ ಏನೂ ಬರೆಯುವಂತಿಲ್ಲ, ಬ್ಯಾಕ್‌ಗ್ರೌಂಡ್‌ಗೂ ಒಪ್ಪುತ್ತದೆ. ದೀಪವಿಲ್ಲದಿದ್ದರೆ ನೆರಳೂ ಇಲ್ಲ, ಹಾಗಾಗಿ ನಾಯಕನಿಗೆ ಬೆಳಕು ಬೇಕೇ ಬೇಕು. ಈ ಒಂದು ಮಿತಿಯಿಂದಲೇ ಐದಾರು ಕಂತಿನ ಕಥೆ ಹುಟ್ಟಿತು. ಏನು ಬೇಕಾದರೂ ಮಾಡಬಲ್ಲವನ ಬಗ್ಗೆ ನೋಡುಗರಿಗೆ ಆತಂಕವೇ ಇರುವುದಿಲ್ಲ. ಖಳನ ವಿಷಯಕ್ಕೂ ಅಷ್ಟೆ. ಅದೇ ಬ್ಯಾಟ್‌ಮ್ಯಾನ್ ಸರಣಿಯಲ್ಲಿ ಮಿಸ್ಟರ್ ಫ್ರೀಜ್‌ಗೆ ಕಾಯಿಲೆಯ ಹೆಂಡತಿಯನ್ನು ಕೊಟ್ಟ ಮೇಲೆ, ಬರೀ ಮಂಜುಗಡ್ಡೆಯ ಗನ್ ಹಿಡಿದವನು ನೆನಪಿನಲ್ಲಿ ಉಳಿಯುವ ಪಾತ್ರವಾದ. ಅದಕ್ಕೆ ತಗುಲಿದ್ದು ಸಂಭಾಷಣೆ, ಒಂದೂ ಸ್ಫೋಟವಲ್ಲ.

ಹೊಡೆದಾಟಕ್ಕೆ ಬರೋಣ. ಮುಷ್ಟಿ ಮುಖಕ್ಕೆ ತಾಗಿದ ಚಿತ್ರವನ್ನು ಬರೆದದ್ದೇ ನಮ್ಮ ಮೊದಲ ತಪ್ಪು. ಅಲ್ಲಿ ಕಣ್ಣು ನಿಂತುಬಿಡುತ್ತದೆ, ಏಟು ಸವರಿದಂತೆ ಕಾಣುತ್ತದೆ. ತಾಗುವ ಮುಂಚಿನದು, ತಾಗಿ ತಲೆ ತಿರುಗಿದ ಮೇಲಿನದು, ನಡುವೆ ಏನೂ ಬೇಡ. ಕೈ ಹಿಂದೆ ಎಳೆಯಲು 6ರಿಂದ 8 ಫ್ರೇಮ್, ಬೀಸಲು ಎರಡು, ಬಿದ್ದ ಮೇಲೆ ಮೂರ್ನಾಲ್ಕು ಫ್ರೇಮ್ ಎಲ್ಲವೂ ಸ್ತಬ್ಧ, ಆಮೇಲೆ ಹನ್ನೆರಡರಲ್ಲಿ ಸಾವರಿಸಿಕೊಳ್ಳುವುದು. ಕ್ಯಾಮೆರಾ ನಡುಕ ಎಂಟು ಫ್ರೇಮ್ ಮೀರಬಾರದು, ಪ್ರತಿ ಸಲ ಕಡಿಮೆಯಾಗುತ್ತಾ ಹೋಗಬೇಕು. ಏಟಿಗೆ ಮುಂಚೆ ನಾಲ್ಕು ಫ್ರೇಮ್ ಸಂಗೀತ ಕತ್ತರಿಸಿದರೆ ಅದೇ ಸದ್ದು ದುಪ್ಪಟ್ಟು ಕೇಳುತ್ತದೆ. ಹಾರಾಟ ಇದಕ್ಕಿಂತ ಅಗ್ಗ, ಒಂದು ಪೋಸ್, ಓಡುವ ಬ್ಯಾಕ್‌ಗ್ರೌಂಡ್, ಮುಗಿಯಿತು. ನೆಗೆದು ನೆಗೆದು ಸಾಗುತ್ತಿದ್ದ ಸೂಪರ್‌ಮ್ಯಾನ್ 1941ರಲ್ಲಿ ಶುರುವಾದ ಫ್ಲೈಶರ್ ಕಾರ್ಟೂನ್‌ಗಳಲ್ಲಿ ಹಾರತೊಡಗಿದ್ದು ಏಕೆ ಎಂದು ಒಂದು ನೆಗೆತ ಬರೆದು ನೋಡಿದವರಿಗೆ ತಿಳಿಯುತ್ತದೆ.

ಏಟಿನ ಜೊತೆ ಬಿಳಿ ಮಿಂಚು ಹಾಕುವ ಚಟ ಇದ್ದರೆ ಎಚ್ಚರ. ನಾಲ್ಕನೇ ಕಂತು ಮಿನುಗು ಅಪಾಯಕಾರಿಯೇ ಎಂದು ನೋಡುವ ಫ್ಲ್ಯಾಶ್ ಪರೀಕ್ಷೆಯಲ್ಲಿ ಬಿದ್ದು ವಾಪಸು ಬಂತು. ಒಂದು ಸೆಕೆಂಡ್‌ನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗಬಾರದು, ಗಾಢ ಕೆಂಪಿಗಂತೂ ಇನ್ನೂ ಬಿಗಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಕಂತಿನ ಕೆಂಪುನೀಲಿ ಮಿನುಗಿಗೆ ಆರುನೂರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರು. ಈ ನಿಯಮದ ಬಗ್ಗೆ ಗೊಣಗುವಂತಿಲ್ಲ. ಕಪ್ಪು ಬ್ಯಾಕ್‌ಗ್ರೌಂಡ್‌ನಲ್ಲಿ ಅಪಾಯ ಹೆಚ್ಚು, ಏಕೆಂದರೆ ಕತ್ತಲಿನಿಂದ ಬಿಳಿಗೆ ಹಾರುವ ಅಂತರವೇ ದೊಡ್ಡದು. ನಾವು ಮಿಂಚನ್ನು ತಿಳಿನೀಲಿ ಮಾಡಿ, ಪರದೆಯ ಒಂದು ಮೂಲೆಗೆ ಕುಗ್ಗಿಸಿ, ಏಟಿಗೆ ಒಂದರಂತೆ ಇಟ್ಟೆವು. ಮರುಕೆಲಸಕ್ಕೆ ಆರು ದಿನ. ಈಗ ಅನಿಮ್ಯಾಟಿಕ್‌ನಲ್ಲೇ, ಅಂದರೆ ಕಚ್ಚಾ ಚಿತ್ರಗಳನ್ನು ಸಮಯಕ್ಕೆ ಜೋಡಿಸಿದ ಕರಡು ವಿಡಿಯೋದಲ್ಲೇ, ಮಿಂಚು ಎಣಿಸುತ್ತೇವೆ.

ತುಟಿಚಲನೆಗೆ ಬಾಯಿಯ ಒಂಬತ್ತು ಆಕಾರ ಸಾಕು. ಧ್ವನಿಗಿಂತ ಒಂದೆರಡು ಫ್ರೇಮ್ ಮುಂಚೆ ಬಾಯಿ ಬರಬೇಕು. ಪ, ಬ, ಮ ಅಕ್ಷರಗಳಲ್ಲಿ ತುಟಿ ಮುಚ್ಚದಿದ್ದರೆ ಮಗುವೂ ಕಂಡುಹಿಡಿಯುತ್ತದೆ. ‘ಅಪ್ಪ’, ‘ಸುಮ್ಮನೆ’ ಥರದ ಒತ್ತಕ್ಷರಗಳಲ್ಲಿ ಮುಚ್ಚಿದ ಬಾಯಿಯನ್ನು ಇನ್ನೆರಡು ಫ್ರೇಮ್ ಹಿಡಿಯಿರಿ. ಬೇರೆ ಭಾಷೆಗೆ ಮಾಡಿದ ಆಟೋ ಲಿಪ್‌ಸಿಂಕ್ ಇಲ್ಲೇ ಎಡವುವುದು.

ಹಣ ಉಳಿಯುವುದು ಅನಿಮ್ಯಾಟಿಕ್‌ನಲ್ಲಿ, ಇದು ಎಲ್ಲರೂ ಹೇಳುವ ಮಾತು. ಆದರೂ ಮೊದಲ ಕಂತಿನಲ್ಲಿ 13 ನಿಮಿಷ ಅನಿಮೇಟ್ ಮಾಡಿ ಎರಡು ನಿಮಿಷ ಬಿಸಾಡಿದೆವು. ಆ ಎರಡು ನಿಮಿಷದಲ್ಲೇ ಇಡೀ ಕಂತಿನ ಅತಿ ದುಬಾರಿ ಶಾಟ್ ಇತ್ತು. ಈಗ ತಾತ್ಕಾಲಿಕ ಧ್ವನಿ ಹಾಕಿದ ಅನಿಮ್ಯಾಟಿಕ್ 10 ನಿಮಿಷ 50 ಸೆಕೆಂಡ್‌ಗೆ ಇಳಿಯುವ ತನಕ ಯಾರೂ ಪೆನ್ ಹಿಡಿಯುವಂತಿಲ್ಲ.

ವೇಷ ಬದಲಿಸುವ 18 ಸೆಕೆಂಡ್‌ನ ದೃಶ್ಯಕ್ಕೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡಿದೆವು. ಮರುಬಳಕೆಯ 12 ಕಂತಿಗೆ 216 ಸೆಕೆಂಡ್, ಮೂರೂವರೆ ನಿಮಿಷಕ್ಕೂ ಮೇಲೆ ಪುಕ್ಕಟೆ ಎಂಬ ಲೆಕ್ಕ. ಐದನೇ ಕಂತಿಗೆ ನೋಡುಗರಿಗೆ ಬೇಸರ ಬಂತು. ಬೇರೆ ಬೇರೆ ಕಡೆ ಕತ್ತರಿಸಿ 18, 11, 7 ಸೆಕೆಂಡ್‌ಗಳ ಮೂರು ರೂಪ ಮಾಡಿ, ಹಿಂದಿನ ಬೆಳಕನ್ನು ಆಯಾ ಕಂತಿನ ಬಣ್ಣಕ್ಕೆ ತಿರುಗಿಸಿದೆವು. ಹತ್ತನೇ ಕಂತಿನಲ್ಲಿ ಅದು ನಡುವೆಯೇ ನಿಂತುಹೋಗುತ್ತದೆ, ಬೀದಿದೀಪ ಆರಿರುತ್ತದೆ. ಆ ಶಾಟ್‌ಗೆ ಹೊಸದಾಗಿ ಬರೆದದ್ದು ನಾಲ್ಕು ಚಿತ್ರ. ಒಂಬತ್ತು ಕಂತು ಅದನ್ನೇ ಹಾಕದೇ ಇದ್ದಿದ್ದರೆ ಆ ನಿಲುಗಡೆ ಯಾರ ಗಮನಕ್ಕೂ ಬರುತ್ತಿರಲಿಲ್ಲ.