ಛತ್ರದ ಬುಕಿಂಗ್‌ಗೆ ನಾನೇ ಬರೆದ ಕ್ಯಾಲೆಂಡರ್ ಕಂಟ್ರೋಲ್: ನನ್ನ ಅನುಭವ

ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆಯಲು ಮೈಕ್ರೋಸಾಫ್ಟ್ ಕೊಡುವ ಸಲಕರಣೆ) ಕ್ಯಾಲೆಂಡರ್ ಕಂಟ್ರೋಲ್, ಅಂದರೆ ಪರದೆಯಲ್ಲಿ ಕ್ಯಾಲೆಂಡರ್ ತೋರಿಸುವ ಭಾಗ, ಸ್ವಂತ ಬರೆಯುತ್ತೇನೆ ಅಂದಾಗ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ರೆಡಿಮೇಡ್ ಸಿಗುತ್ತೆ, ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ. ಇನ್ನು ಕೆಲವರು ಡೆಸ್ಕ್‌ಟಾಪ್ ಕಾಲ ಮುಗಿಯಿತು, ವೆಬ್‌ನಲ್ಲಿ ಮಾಡು ಅಂದರು. ಈಗ ಅದೇ ಕಂಟ್ರೋಲ್ ಬಸವನಗುಡಿ, ರಾಜಾಜಿನಗರ, ವಿಜಯನಗರ ಕಡೆ ಹತ್ತು ಹನ್ನೆರಡು ಛತ್ರಗಳಲ್ಲಿ ದಿನಾ ಓಡುತ್ತಿದೆ. ಇಲ್ಲಿಯವರೆಗೆ ಒಂದು ಮದುವೆಯೂ ಡಬಲ್ ಬುಕಿಂಗ್ ಆಗಿಲ್ಲ. ಹಾಗಾಗಿ ಡಿಎಲ್ಎಲ್ (ಬಳಸಲು ಸಿದ್ಧವಾದ ಫೈಲ್) ಮತ್ತು ಸೋರ್ಸ್ (ಮೂಲ ಕೋಡ್) ಎರಡನ್ನೂ ಹಂಚುತ್ತಿದ್ದೇನೆ, ಹೇಗೆ ಮಾಡಿದೆ ಅನ್ನೋದನ್ನೂ ಬರೆಯುತ್ತಿದ್ದೇನೆ. ಸಿ ಶಾರ್ಪ್ ಭಾಷೆ, ಕಂಟ್ರೋಲ್ ತನ್ನನ್ನು ಪರದೆಗೆ ಬಿಡಿಸಿಕೊಳ್ಳುವ ಆನ್‌ಪೇಂಟ್, ಮಿಣುಕದಂತೆ ಮೊದಲು ಮರೆಯಲ್ಲಿ ಬಿಡಿಸುವ ಡಬಲ್ ಬಫರಿಂಗ್ ಎಲ್ಲ ನಿಮಗೆ ಗೊತ್ತೇ ಇರುತ್ತದೆ, ಅದರ ಪಾಠ ಇಲ್ಲಿಲ್ಲ.

ಮೊದಲು ಒಂದು ವಿಷಯ. ಛತ್ರದ ದಿನ ರಾತ್ರಿ ಹನ್ನೆರಡಕ್ಕೆ ಶುರುವಾಗುವುದಿಲ್ಲ. ಹಿಂದಿನ ದಿನ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಬೀಗದ ಕೈ ಕೊಡುತ್ತಾರೆ. ಸಂಜೆ ವರಪೂಜೆ, ರಿಸೆಪ್ಷನ್. ಬೆಳಗ್ಗೆ ಮುಹೂರ್ತ, ಆಮೇಲೆ ಊಟ, ಮೂರು ಗಂಟೆಯೊಳಗೆ ಖಾಲಿ ಮಾಡಬೇಕು. ಅಷ್ಟರಲ್ಲಿ ಮುಂದಿನ ಪಾರ್ಟಿಯ ಹೂವಿನವರು ಬಾಗಿಲಲ್ಲಿ ನಿಂತಿರುತ್ತಾರೆ. ಅಂದರೆ ಒಂದು ಬುಕಿಂಗ್ ಎರಡು ತಾರೀಖಿನ ಮೇಲೆ ಅರ್ಧರ್ಧ ಕೂತಿರುತ್ತದೆ. ನಾನು ನೋಡಿದ ಯಾವ ಕಂಟ್ರೋಲೂ ಇದನ್ನು ಸರಿಯಾಗಿ ತೋರಿಸುತ್ತಿರಲಿಲ್ಲ. 12ನೇ ತಾರೀಖು ಪೂರ್ತಿ ಕೆಂಪು, 13 ಪೂರ್ತಿ ಕೆಂಪು ಅಂತ ತೋರಿಸಿದರೆ, 13ರ ಸಂಜೆ ಖಾಲಿ ಇದ್ದರೂ ಮ್ಯಾನೇಜರ್ ಫೋನಲ್ಲಿ "ಇಲ್ಲ ಸಾರ್, ಬುಕ್ ಆಗಿದೆ" ಅಂದುಬಿಡುತ್ತಾರೆ. ಒಂದು ದಿನದ ಬಾಡಿಗೆ ಹೋಯಿತು. ಒಳ್ಳೆ ಛತ್ರದಲ್ಲಿ ಅದು ಲಕ್ಷದ ಮೇಲಿನ ಮಾತು.

ಶುರುವಿಗೆ ವಿಂಡೋಸ್‌ನಲ್ಲೇ ಬರುವ ಮಂತ್‌ಕ್ಯಾಲೆಂಡರ್ ಕಂಟ್ರೋಲನ್ನೇ ಬಗ್ಗಿಸಲು ನೋಡಿದೆ. ಅದು ದಿನಗಳನ್ನು ಬೋಲ್ಡ್ ಮಾಡಲು ಬಿಡುತ್ತದೆ, ಅಷ್ಟೇ. ವಿಷುಯಲ್ ಸ್ಟೈಲ್ಸ್ (ವಿಂಡೋಸ್‌ನ ಥೀಮ್ ರೂಪ) ಆನ್ ಇದ್ದರೆ ನಾವು ಕೊಟ್ಟ ಟೈಟಲ್ ಬಣ್ಣವನ್ನೂ ಲೆಕ್ಕಕ್ಕೆ ಇಡುವುದಿಲ್ಲ. ಪೇಂಟ್ ಮೆಸೇಜ್ (ಬಿಡಿಸು ಅಂತ ವಿಂಡೋಸ್ ಕಳಿಸುವ ಸೂಚನೆ) ಹಿಡಿದು ಮೇಲೆ ಬಣ್ಣ ಬಳಿದರೆ, ಮೌಸ್ ಓಡಾಡಿದ ಕಡೆಯೆಲ್ಲ ವಿಂಡೋಸ್ ಮತ್ತೆ ತನ್ನದನ್ನೇ ಬಳಿಯುತ್ತದೆ, ಪರದೆ ಮಿಣುಕುತ್ತದೆ. ಜೊತೆಗೆ, ಎಲ್ಲಿ ಕ್ಲಿಕ್ ಆಯಿತು ಅಂತ ಕೊಟ್ಟರೆ ಅದು ತಾರೀಖು ಹೇಳುತ್ತದೆ, ತಾರೀಖು ಕೊಟ್ಟರೆ ಅದರ ಜಾಗ ಹೇಳುವುದಿಲ್ಲ. ಎರಡು ವಾರದ ಮೇಲೆ ಹೋಯಿತು, ಕೈಬಿಟ್ಟೆ.

ಆಮೇಲೆ ಟೇಬಲ್‌ಲೇಔಟ್‌ಪ್ಯಾನೆಲ್ (ಸಾಲು ಕಾಲಂಗಳ ಚೌಕಟ್ಟು) ಒಳಗೆ 42 ಲೇಬಲ್ (ಅಕ್ಷರ ತೋರಿಸುವ ಚಿಕ್ಕ ಕಂಟ್ರೋಲ್). ಆರು ವಾರ, ಏಳು ದಿನ. ಒಂದು ತಿಂಗಳಿಗೆ ಚೆನ್ನಾಗಿಯೇ ಇತ್ತು. ವರ್ಷದ ನೋಟ ಬೇಕು ಅಂದಾಗ 12 ಸಲ 42, ಅಂದರೆ 504 ಲೇಬಲ್, ಒಂದೊಂದಕ್ಕೂ ಒಂದೊಂದು ವಿಂಡೋ ಹ್ಯಾಂಡಲ್, ಅಂದರೆ ವಿಂಡೋಸ್ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕಾದ ಗುರುತು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ನಾಲ್ಕು ಸಾವಿರದ ಹತ್ತಿರ ಕೊಟ್ಟು ತಂದ ಹಳೇ ವಿಂಡೋಸ್ 7 ಮಷಿನ್‌ನಲ್ಲಿ ವರ್ಷ ಬದಲಾಯಿಸಿದರೆ ಪರದೆ ಮೇಲಿನಿಂದ ಕೆಳಗೆ ಒಂದೊಂದೇ ಚೌಕ ತುಂಬಿಕೊಂಡು ಬರುವುದು ಕಣ್ಣಿಗೆ ಕಾಣುತ್ತಿತ್ತು. ಆ ಮಷಿನ್ ತಂದದ್ದು ಒಳ್ಳೇದೇ ಆಯಿತು. ಛತ್ರಗಳ ಆಫೀಸಿನಲ್ಲಿ ಇರುವುದು ಅಂಥದ್ದೇ: 2 ಜಿಬಿ ರ್‍ಯಾಮ್, 1366×768 ಪರದೆ.

ಮಧ್ಯೆ ಒಂದು ಕಂಟ್ರೋಲ್ ದುಡ್ಡು ಕೊಟ್ಟು ತಗೊಂಡೆ. ಒಂಬತ್ತು ಹತ್ತು ಸಾವಿರ ಇರಬೇಕು. ಡೆಮೋದಲ್ಲಿ ಬಹಳ ಚೆಂದ. ಬೆಳಗ್ಗೆ ಓಪನ್ ಮಾಡಿಟ್ಟರೆ ಸಂಜೆ ಹೊತ್ತಿಗೆ ಕ್ಯಾಲೆಂಡರ್ ಜಾಗದಲ್ಲಿ ಬಿಳಿ ಚೌಕ, ಅದರ ಮೇಲೆ ಕೆಂಪು ಇಂಟು ಗುರುತು. ವಿನ್‌ಫಾರ್ಮ್ಸ್ ಮಾಡುವವರಿಗೆ ಆ ಗುರುತು ಗೊತ್ತು. ಆನ್‌ಪೇಂಟ್ ಒಳಗೆ ಎಕ್ಸೆಪ್ಷನ್ (ಓಡುವಾಗಿನ ದೋಷ) ಬಿದ್ದಿದೆ ಅಂತ ಅರ್ಥ. ಟಾಸ್ಕ್ ಮ್ಯಾನೇಜರಿನಲ್ಲಿ ಜಿಡಿಐ ಆಬ್ಜೆಕ್ಟ್ಸ್ (ಬಿಡಿಸಲು ಬೇಕಾದ ಬ್ರಷ್, ಫಾಂಟ್‌ನಂಥವು) ಕಾಲಂ ಹಾಕಿ ನೋಡಿದರೆ, ತಿಂಗಳು ತಿರುಗಿಸಿದಾಗಲೆಲ್ಲ ಸಂಖ್ಯೆ ಏರುತ್ತಲೇ ಇತ್ತು, ಇಳಿಯುತ್ತಲೇ ಇರಲಿಲ್ಲ. ಒಂದು ಪ್ರೋಸೆಸ್‌ಗೆ 10,000 ಮಿತಿ, ಮುಟ್ಟಿದರೆ ಮುಗಿಯಿತು. ಮಾರಿದವರಿಗೆ ಮೇಲ್ ಮಾಡಿದೆ, ಉತ್ತರ ಬರಲಿಲ್ಲ, ಸೋರ್ಸೂ ಕೊಟ್ಟಿರಲಿಲ್ಲ. ನನ್ನ ಸೋರ್ಸ್ ಹಂಚಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದು ಆಗಲೇ. ದೊಡ್ಡ ಕಂಪನಿಗಳ ಸೂಟ್ ತಗೋಬಹುದಿತ್ತು, ಆದರೆ ಅವು ಡಾಲರಿನಲ್ಲಿ, ವರ್ಷ ವರ್ಷ, ಒಬ್ಬ ಡೆವಲಪರ್‌ಗೆ ಇಷ್ಟು ಅಂತ. ನೂರು ಕಂಟ್ರೋಲ್ ಕೊಡುತ್ತಾರೆ, ನನಗೆ ಬೇಕಿದ್ದದ್ದು ಒಂದು, ಅದೂ ಅರ್ಧ ದಿನ ತೋರಿಸುವಂಥದ್ದು.

ಕೊನೆಗೆ ಒಂದೇ ಒಂದು ಕಂಟ್ರೋಲ್, ಒಳಗೆ ಬೇರೆ ಮರಿ ಕಂಟ್ರೋಲ್ ಯಾವುದೂ ಇಲ್ಲ, ಎಲ್ಲ ನಾನೇ ಬಿಡಿಸುವುದು ಅಂತ ಕೂತೆ. ಕೆಲಸದ ಜೀವಾಳ ಇರುವುದು ಒಂದು ನಂಬರಿನಲ್ಲಿ. 2000ದ ಜನವರಿ 1ರಿಂದ ಎಷ್ಟನೇ ದಿನ ಅಂತ ತಗೊಂಡು ಎರಡರಿಂದ ಗುಣಿಸಿ. ಬೆಳಗಿನ ಹೊತ್ತಿಗೆ ಸೊನ್ನೆ, ಸಂಜೆಗೆ ಒಂದು ಕೂಡಿಸಿ. ಆಗ 12ರ ಸಂಜೆ ಮತ್ತು 13ರ ಬೆಳಗ್ಗೆ ಅಕ್ಕಪಕ್ಕದ ನಂಬರ್ ಆಗುತ್ತವೆ. ಮದುವೆ ಅಂದರೆ ಅಕ್ಕಪಕ್ಕದ ಎರಡು ನಂಬರ್. ನಾಮಕರಣ, ಬರೀ ರಿಸೆಪ್ಷನ್ ಆದರೆ ಒಂದು. ಉಪನಯನ ಸೇರಿಸಿಕೊಂಡು ಎರಡು ದಿನ ತಗೊಂಡರೆ ನಾಲ್ಕು. ಡೇಟಾಬೇಸಿನಲ್ಲಿ ಒಂದು ನಂಬರಿಗೆ ಒಂದು ಸಾಲು, ಹಾಲ್ ಮತ್ತು ನಂಬರ್ ಸೇರಿಸಿ ಯೂನಿಕ್ ಇಂಡೆಕ್ಸ್, ಅಂದರೆ ಅದೇ ಜೋಡಿ ಎರಡನೇ ಸಲ ಬರದಂತೆ ತಡೆ. ಆಫೀಸಿನಲ್ಲಿ ಒಬ್ಬರು, ಕೌಂಟರಿನಲ್ಲಿ ಇನ್ನೊಬ್ಬರು ಒಂದೇ ಕ್ಷಣಕ್ಕೆ ಸೇವ್ ಒತ್ತಿದರೂ ಎರಡನೆಯವರದ್ದು ಒಳಗೆ ಹೋಗುವುದೇ ಇಲ್ಲ. ಡಬಲ್ ಬುಕಿಂಗ್ ನಿಲ್ಲಿಸಿದ್ದು ಕ್ಯಾಲೆಂಡರಿನ ಬಣ್ಣ ಅಂತ ಗಿರಾಕಿಗಳು ಹೇಳುತ್ತಾರೆ, ಆದರೆ ನಿಲ್ಲಿಸಿದ್ದು ಈ ಇಂಡೆಕ್ಸ್.

ಬಿಡಿಸುವುದು ಹೀಗೆ. ಚೌಕದ ಎಡ ಅರ್ಧ ಬೆಳಗ್ಗೆ, ಬಲ ಅರ್ಧ ಸಂಜೆ. 12ರ ಬಲ ಅರ್ಧಕ್ಕೂ 13ರ ಎಡ ಅರ್ಧಕ್ಕೂ ಒಂದೇ ಬಣ್ಣ ಬಿದ್ದಾಗ, ನಡುವಿನ ಗೆರೆಯ ಮೇಲೆ ಕೂತ ಒಂದೇ ಪಟ್ಟಿ ಕಾಣುತ್ತದೆ. ಆ ನಡುಗೆರೆಯನ್ನು ಅಲ್ಲಿ ಮಾತ್ರ ಬಿಡಿಸುವುದಿಲ್ಲ. ಪಟ್ಟಿಯ ಮೇಲೆ ಪಾರ್ಟಿಯ ಹೆಸರು ಉದ್ದಕ್ಕೆ ಬರುತ್ತದೆ. ಎಡ ಬಲ ಬಾಣದ ಕೀ ಒತ್ತಿದರೆ ಅರ್ಧರ್ಧ ದಿನ ಸರಿಯುತ್ತದೆ. ಇದಕ್ಕೆ ಯಾವ ಕೀ ಕಂಟ್ರೋಲ್‌ಗೇ ಬರಬೇಕು ಅಂತ ಹೇಳುವ ಈಸ್‌ಇನ್‌ಪುಟ್‌ಕೀಯನ್ನು ಓವರ್‌ರೈಡ್ ಮಾಡಿ ನಮ್ಮದನ್ನು ಬರೆಯಲೇಬೇಕು, ಇಲ್ಲದಿದ್ದರೆ ಬಾಣದ ಕೀಗೆ ಫೋಕಸ್ಸೇ ಪಕ್ಕದ ಬಟನ್‌ಗೆ ಹೋಗಿಬಿಡುತ್ತದೆ. ಡೇಟಾ ಕೇಳುವುದು ದಿನಕ್ಕೊಂದು ಸಲ ಅಲ್ಲ, ಪರದೆಯಲ್ಲಿರುವ ಮೊದಲ ನಂಬರಿನಿಂದ ಕೊನೆಯದರವರೆಗೆ ಒಂದೇ ಈವೆಂಟ್, ಅಂದರೆ ಒಂದೇ ಕರೆಯಲ್ಲಿ. ಫಾಂಟ್, ಬ್ರಷ್ ಎಲ್ಲ ಒಂದು ಸಲ ಮಾಡಿಟ್ಟುಕೊಂಡು ಕೊನೆಗೆ ಡಿಸ್ಪೋಸ್, ಅಂದರೆ ವಾಪಸ್ ಬಿಟ್ಟುಕೊಡುವುದು. ಮೌಸ್ ಓಡಾಡಿದರೆ ಆ ಚೌಕ ಮಾತ್ರ ಇನ್‌ವ್ಯಾಲಿಡೇಟ್, ಅಂದರೆ ಮತ್ತೆ ಬಿಡಿಸುವುದು. ವಾರಗಟ್ಟಲೆ ಓಪನ್ ಇಟ್ಟರೂ ಜಿಡಿಐ ಸಂಖ್ಯೆ ನೂರರ ಆಸುಪಾಸಲ್ಲೇ ನಿಂತಿರುತ್ತದೆ.

ಇಷ್ಟಾದ ಮೇಲೆ ಬಂದ ತೊಂದರೆಯೇ ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ. ಬೆಂಗಳೂರಿನಲ್ಲಿ ಮದುವೆ ಜಾಸ್ತಿ ಭಾನುವಾರ, ಅಲ್ವಾ. ಅಂದರೆ ಶನಿವಾರ ಸಂಜೆ, ಭಾನುವಾರ ಬೆಳಗ್ಗೆ. ವಾರ ಭಾನುವಾರದಿಂದ ಶುರುವಾದರೆ ಶನಿವಾರ ಮೇಲಿನ ಸಾಲಿನ ಕೊನೆಗೆ, ಭಾನುವಾರ ಕೆಳಗಿನ ಸಾಲಿನ ಮೊದಲಿಗೆ. ಎಲ್ಲಕ್ಕಿಂತ ಮುಖ್ಯವಾದ ಬುಕಿಂಗೇ ಮುರಿದು ಎರಡು ಕಡೆ ಕಾಣುತ್ತಿತ್ತು. ವಾರವನ್ನು ಸೋಮವಾರದಿಂದ ಶುರು ಮಾಡಿ ಕೊಟ್ಟೆ, ಪಟ್ಟಿ ಸರಿಯಾಯಿತು. ಬಸವನಗುಡಿಯ ಮ್ಯಾನೇಜರ್ ಒಂದೇ ದಿನಕ್ಕೆ ಫೋನ್ ಮಾಡಿದರು: "ಸಾರ್, ನಲವತ್ತು ವರ್ಷದಿಂದ ಕ್ಯಾಲೆಂಡರಲ್ಲಿ ಭಾನುವಾರ ಮೊದಲು ನೋಡಿದ್ದೀನಿ. ಫೋನ್ ಹಿಡ್ಕೊಂಡು ಇದರಲ್ಲಿ ತಾರೀಖು ಹುಡುಕಕ್ಕೆ ಆಗ್ತಿಲ್ಲ, ಮೊದಲಿನ ಥರಾನೇ ಮಾಡಿಕೊಡಿ." ಅವರು ಹೇಳಿದ್ದು ನ್ಯಾಯವೇ. ಅದಕ್ಕೆ ಎಂಟನೇ ಕಾಲಂ ಸೇರಿಸಿದೆ. ಶನಿವಾರದ ಬಲಕ್ಕೆ ಅರ್ಧ ಅಗಲದ ತೆಳು ಬಣ್ಣದ ಕಾಲಂ, ಅದರಲ್ಲಿ ಮರುದಿನ ಭಾನುವಾರದ ಬೆಳಗ್ಗೆ ಮಾತ್ರ. ಅದೇ ಭಾನುವಾರ ಕೆಳಗಿನ ಸಾಲಿನಲ್ಲೂ ಇರುತ್ತದೆ. ವಾರಕ್ಕೆ ಎಂಟು ದಿನವೇನಪ್ಪಾ ಅಂತ ಗೆಳೆಯನೊಬ್ಬ ಕೇಳಿದ. ಈಗ ಅದು ಬೇಡ ಅಂದ ಗಿರಾಕಿ ಒಬ್ಬರೂ ಇಲ್ಲ. ಒಂದೇ ಅರ್ಧ ದಿನ ಎರಡು ಕಡೆ ಇರುವಾಗ ಕ್ಲಿಕ್, ಎಳೆಯುವುದು, ಫೋಕಸ್ ಗೆರೆ ಮೂರೂ ಗೊಂದಲವಾಗದಂತೆ ನಡೆಸುವುದಕ್ಕೆ ಒಂದು ಉಪಾಯ ಇದೆ. ಅದನ್ನು ಬಿಡಿಸಿ ಬರೆಯುವುದಿಲ್ಲ, ಸೋರ್ಸ್ ಓದಿದರೆ ಸಿಗುತ್ತದೆ.

ಕನ್ನಡ ಅಕ್ಷರದ ವಿಷಯ. ಅಕ್ಷರ ಬಿಡಿಸಲು ವಿನ್‌ಫಾರ್ಮ್ಸ್‌ನಲ್ಲಿ ಎರಡು ದಾರಿ ಇವೆ: ಡ್ರಾಸ್ಟ್ರಿಂಗ್ ಬೇಡ, ಟೆಕ್ಸ್ಟ್‌ರೆಂಡರರ್ ಬಳಸಿ. ಅಳೆಯುವುದಕ್ಕೂ ಅದನ್ನೇ ಬಳಸಿ, ಒಂದರಲ್ಲಿ ಅಳೆದು ಇನ್ನೊಂದರಲ್ಲಿ ಬರೆದರೆ ಹೆಸರಿನ ಬಾಲ ಕತ್ತರಿಸುತ್ತದೆ. ವಿಂಡೋಸ್ 7ರಲ್ಲಿ ತುಂಗಾ ಫಾಂಟ್ ಇದೆ, ನಿರ್ಮಲಾ ಯುಐ ಇಲ್ಲ. ಅದು ಬಂದದ್ದು ವಿಂಡೋಸ್ 8ರಿಂದ. ವಿಂಡೋಸ್ 10ರಲ್ಲಿ ತುಂಗಾ ತಾನಾಗಿ ಇರುತ್ತದೆ ಅಂತ ನಂಬುವ ಹಾಗಿಲ್ಲ, ಅದು ಬೇರೆಯಾಗಿ ಹಾಕಿಕೊಳ್ಳುವ ಫಾಂಟ್ ಪಟ್ಟಿಗೆ ಹೋಗಿದೆ. ಎರಡನ್ನೂ ಹುಡುಕಿ ಇದ್ದದ್ದನ್ನು ಹಿಡಿಯುವ ಕೋಡ್ ಹಾಕಿದ್ದೇನೆ. ಸಾಲಿನ ಎತ್ತರ ಇಂಗ್ಲಿಷ್ ಅಳತೆಯಲ್ಲಿ ಇಟ್ಟರೆ 'ಶುಕ್ರ'ದ ಕೆಳಗಿನ ರ ಒತ್ತು, 'ಜ್ಯೇಷ್ಠ'ದ ಠ ಒತ್ತು ಕತ್ತರಿಸಿ ಹೋಗುತ್ತವೆ, 125 ಪರ್ಸೆಂಟ್ ಸ್ಕೇಲಿಂಗ್‌ನಲ್ಲಂತೂ ಖಂಡಿತ. ನಾನು ಎತ್ತರ ಅಳೆಯುವುದು 'ಜ್ಯೇಷ್ಠ' ಬರೆದೇ. ತಿಂಗಳು, ವಾರದ ಹೆಸರುಗಳನ್ನು ಡಾಟ್‌ನೆಟ್‌ನ (ಪ್ರೋಗ್ರಾಂ ಓಡುವ ಮೈಕ್ರೋಸಾಫ್ಟ್ ತಳಹದಿ) ಭಾಷಾವಾರು ಹೆಸರು ಕೊಡುವ ಕಲ್ಚರ್‌ಇನ್ಫೋದಿಂದ ತಗೊಂಡಿಲ್ಲ. ಡಾಟ್‌ನೆಟ್ 5ರಿಂದ ಆಚೆ ಅದು ಐಸಿಯು ಅನ್ನುವ ಭಾಷಾ ಲೈಬ್ರರಿಯ ಡೇಟಾ ಓದುತ್ತದೆ, ಹಳೇ ಫ್ರೇಮ್‌ವರ್ಕ್ ವಿಂಡೋಸ್ ಡೇಟಾ ಓದುತ್ತದೆ, ಹೆಸರುಗಳು ಎರಡರಲ್ಲೂ ಒಂದೇ ಇರುತ್ತವೆ ಅನ್ನುವ ಭರವಸೆ ಇಲ್ಲ. ನಾನು ಹಳೇ ಫ್ರೇಮ್‌ವರ್ಕ್‌ನ 4.8ರಲ್ಲೇ ನಿಂತಿದ್ದೇನೆ, ವಿಂಡೋಸ್ 7 ಮಷಿನ್‌ಗಳು ಇರುವವರೆಗೆ ಬದಲಾಯಿಸುವುದಿಲ್ಲ.

ತಿಥಿ, ನಕ್ಷತ್ರ ಇಲ್ಲದೆ ಛತ್ರದವರು ಕ್ಯಾಲೆಂಡರ್ ಮುಟ್ಟುವುದಿಲ್ಲ. ಚಂದ್ರ ಸೂರ್ಯರ ನಡುವಿನ ಅಂತರ 12 ಡಿಗ್ರಿಗೆ ಒಂದು ತಿಥಿ. ಸೂರ್ಯೋದಯದ ಹೊತ್ತಿಗೆ ಇದ್ದದ್ದೇ ಆ ದಿನದ ತಿಥಿ. ತಿಥಿಗೆ ಅಯನಾಂಶ (ನಕ್ಷತ್ರ ಆಧಾರದ ರಾಶಿಚಕ್ರಕ್ಕೂ ವಿಷುವದ ಆಧಾರದ್ದಕ್ಕೂ ಇರುವ ಡಿಗ್ರಿ ವ್ಯತ್ಯಾಸ) ಬೇಕಿಲ್ಲ, ಕಳೆಯುವಾಗ ಅದೇ ಹೊರಟು ಹೋಗುತ್ತದೆ. ನಕ್ಷತ್ರಕ್ಕೆ ಮಾತ್ರ ಬೇಕು. ಗ್ರಹಗಳ ಸ್ಥಾನ ಲೆಕ್ಕ ಹಾಕುವ ಸ್ವಿಸ್ ಎಫೆಮೆರಿಸ್ ಲೈಬ್ರರಿ ಒಳ್ಳೆಯದು, ಆದರೆ ನಮ್ಮ ಕೋಡನ್ನೂ ಎಜಿಪಿಎಲ್‌ನಲ್ಲಿ (ಸೋರ್ಸ್ ತೆರೆದಿಡಬೇಕಾದ ಲೈಸೆನ್ಸ್) ಬಿಡಬೇಕು, ಇಲ್ಲ ಲೈಸೆನ್ಸ್‌ಗೆ ದುಡ್ಡು ಕೊಡಬೇಕು. ನಾನು ಸ್ವಂತ ಲೆಕ್ಕ ಹಾಕಿದೆ. ಅಂತರದಲ್ಲಿ ಒಂದು ಕಲೆ (ಡಿಗ್ರಿಯ ಅರವತ್ತನೇ ಒಂದು ಭಾಗ) ತಪ್ಪಿದರೆ ಸಮಯದಲ್ಲಿ ಸುಮಾರು ಎರಡು ನಿಮಿಷ ತಪ್ಪುತ್ತದೆ, ಅಷ್ಟು ನಿಖರತೆ ಸಾಕಾಗುತ್ತದೆ. ಬೆಂಗಳೂರಿನ ಸೂರ್ಯೋದಯ ವರ್ಷಪೂರ್ತಿ 5:50ರಿಂದ 6:50ರ ಒಳಗೇ ಇರುವುದರಿಂದ ಕಷ್ಟವೂ ಕಡಿಮೆ. ಲೆಕ್ಕವನ್ನು ಗಿರಾಕಿಯ ಮಷಿನ್‌ನಲ್ಲಿ ಮಾಡುವುದಿಲ್ಲ. 2000ದಿಂದ 2050ರವರೆಗೆ ಮೊದಲೇ ಮಾಡಿಟ್ಟಿದ್ದೇನೆ, ದಿನಕ್ಕೆ ತಿಥಿಗೆ ಒಂದು ಬೈಟ್, ನಕ್ಷತ್ರಕ್ಕೆ ಒಂದು. ಐವತ್ತು ವರ್ಷ ಎಲ್ಲ ಸೇರಿ 40 ಕೆಬಿಯೊಳಗೆ. ಯಾವ ತಿಂಗಳು ಅಧಿಕ, ಯಾವುದು ನಿಜ ಅನ್ನೋದನ್ನು ಅದೇ ಬೈಟುಗಳಲ್ಲಿ ಹೇಗೆ ಕೂರಿಸಿದೆ ಅನ್ನೋದನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ.

ಮುಹೂರ್ತ ಮಾತ್ರ ನಾನು ಲೆಕ್ಕ ಹಾಕುವುದಿಲ್ಲ. ಒಂದು ಪಂಚಾಂಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಇರುತ್ತದೆ, ಏಕಾದಶಿ ಸ್ಮಾರ್ತರಿಗೆ ಒಂದು ದಿನ, ವೈಷ್ಣವರಿಗೆ ಇನ್ನೊಂದು ದಿನ ಬರುವುದುಂಟು. ಛತ್ರದ ಪುರೋಹಿತರು ಗುರುತು ಹಾಕಿದ ಪಟ್ಟಿಯನ್ನು ಮ್ಯಾನೇಜರ್ ಒಂದು ಫೈಲಿನಲ್ಲಿ ತುಂಬುತ್ತಾರೆ, ಕಂಟ್ರೋಲ್ ಅದನ್ನು ಓದಿ ಚೌಕದ ಮೂಲೆಗೆ ಒಂದು ಚುಕ್ಕೆ ಇಡುತ್ತದೆ. ಆಷಾಢ, ಅಧಿಕ ಮಾಸ, ಧನುರ್ಮಾಸಕ್ಕೆ ಹಿನ್ನೆಲೆ ಬೂದು ಬಣ್ಣ. ಇದು ದುಡ್ಡಿನ ವಿಷಯದಲ್ಲಿ ಇಷ್ಟು ಉಪಯೋಗಕ್ಕೆ ಬರುತ್ತದೆ ಅಂತ ನಾನೂ ಎಣಿಸಿರಲಿಲ್ಲ. 2023ರಲ್ಲಿ ಆಷಾಢ ಮುಗಿದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಜೂನ್ 19ರ ಹೊತ್ತಿನಿಂದ ಆಗಸ್ಟ್ 16ರವರೆಗೆ ಸಾಲಾಗಿ ಎರಡು ತಿಂಗಳು ಮದುವೆ ಇಲ್ಲ. ವರ್ಷದ ನೋಟದಲ್ಲಿ ಆ ಉದ್ದನೆ ಬೂದು ಪಟ್ಟಿ ನೋಡಿ ರಾಜಾಜಿನಗರದ ಮಾಲೀಕರು ಯುಗಾದಿಗೆ ಮುಂಚೆಯೇ ಹಾಲನ್ನು ಸೀರೆ ಮಾರಾಟದ ಮೇಳದವರಿಗೆ ಮಾತಾಡಿ ಕೊಟ್ಟರು. ನನ್ನ ಬಿಲ್ಲಿನ ಎಷ್ಟೋ ಪಟ್ಟು ಅದರಲ್ಲೇ ಬಂತು ಅಂತ ಅವರೇ ಹೇಳಿದರು, ಇನ್ನೆರಡು ಛತ್ರ ಸಿಕ್ಕಿದ್ದು ಅವರ ಮಾತಿನಿಂದ.

ಪಕ್ಕದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ನಮ್ಮ ಎಷ್ಟೋ ಗೋಡೆ ಕ್ಯಾಲೆಂಡರುಗಳಲ್ಲಿ ವಾರದ ಹೆಸರು ಎಡಗಡೆ ಮೇಲಿನಿಂದ ಕೆಳಗೆ ಇರುತ್ತದೆ, ತಾರೀಖು ಕಾಲಂ ಕಾಲಂ ಆಗಿ ಇಳಿಯುತ್ತದೆ, ಜಾಗ ಸಾಲದಿದ್ದರೆ 30, 31 ಮೊದಲನೇ ಕಾಲಂನ ಖಾಲಿ ಚೌಕಕ್ಕೆ ಬರುತ್ತವೆ. ಅದೇ ರೂಪ ಒಂದು ಪ್ರಾಪರ್ಟಿ (ಸೆಟ್ಟಿಂಗ್) ಬದಲಾಯಿಸಿದರೆ ಸಿಗುವಂತೆ ಮಾಡಿದೆ. ನೋಡಲು ಮನೆ ಕ್ಯಾಲೆಂಡರ್ ಥರಾನೇ ಇದೆ. ಛತ್ರಕ್ಕೆ ಆಗುವುದಿಲ್ಲ, ಸಂಜೆ ಬೆಳಗ್ಗೆ ಪಟ್ಟಿ ನೆಟ್ಟಗೆ ನಿಲ್ಲಬೇಕಾಗುತ್ತದೆ, ಹೆಸರು ಬರೆಯಲು ಜಾಗ ಇರುವುದಿಲ್ಲ. ಆದರೆ ಒಬ್ಬರು ಲೆಕ್ಕಪತ್ರದವರು ಅದನ್ನೇ ಕೇಳಿ ತಗೊಂಡರು. ಎರಡನೇ ನಾಲ್ಕನೇ ಶನಿವಾರದ ಬ್ಯಾಂಕ್ ರಜೆ, ಜಿಎಸ್‌ಟಿ ತಾರೀಖುಗಳನ್ನು ಅದರಲ್ಲಿ ಹಾಕಿಕೊಂಡಿದ್ದಾರೆ.

ಖರ್ಚಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಹಳೇ ಮಷಿನ್, ದಂಡವಾದ ಕಂಟ್ರೋಲ್, ಓಡಾಟ ಸೇರಿ ಇಪ್ಪತ್ತು ಸಾವಿರದ ಹತ್ತಿರ. ಕೋಡ್ ಸೈನಿಂಗ್ ಸರ್ಟಿಫಿಕೇಟ್‌ಗೆ (ಪ್ರೋಗ್ರಾಂ ಯಾರದ್ದು ಅಂತ ತೋರಿಸುವ ಡಿಜಿಟಲ್ ಸಹಿಗೆ ಬೇಕಾದ್ದು) ವರ್ಷಕ್ಕೆ ಇಪ್ಪತ್ತೈದು ಸಾವಿರ ಚಿಲ್ಲರೆ. 2023ರ ಜೂನ್‌ನಿಂದ ಸಹಿಯ ಕೀ ಹಾರ್ಡ್‌ವೇರ್ ಟೋಕನ್‌ನಂಥ ಪ್ರತ್ಯೇಕ ಸಾಧನದಲ್ಲೇ ಇರಬೇಕು ಅನ್ನುವ ನಿಯಮ ಬಂದ ಮೇಲೆ ಅದರ ದುಡ್ಡೂ ಸೇರಿತು. ಸೈನ್ ಇಲ್ಲದಿದ್ದರೆ ಇನ್‌ಸ್ಟಾಲ್ ಮಾಡುವಾಗ ನೀಲಿ ಎಚ್ಚರಿಕೆ ಬರುತ್ತದೆ, ಮಾಲೀಕರು ಹೆದರುತ್ತಾರೆ, ಹಾಗಾಗಿ ಇದು ಉಳಿಸುವ ಖರ್ಚಲ್ಲ. ಒಂದು ಛತ್ರಕ್ಕೆ ಪೂರ್ತಿ ಸಾಫ್ಟ್‌ವೇರ್ ಹದಿನೈದು ಹದಿನೆಂಟು ಸಾವಿರಕ್ಕೆ ಕೊಡುತ್ತೇನೆ, ಆಮೇಲೆ ವರ್ಷಕ್ಕೆ ಮೂರು ಸಾವಿರ. ನಾಲ್ಕನೇ ಗಿರಾಕಿಯ ಹೊತ್ತಿಗೆ ಹಾಕಿದ್ದು ವಾಪಸ್ ಬಂದಿತ್ತು.

ನಿಮಗೆ ಕೊಡುತ್ತಿರುವುದರಲ್ಲಿ ಕಂಟ್ರೋಲ್, ಅದರ ಸೋರ್ಸ್, ಒಂದು ಚಿಕ್ಕ ಸ್ಯಾಂಪಲ್ ಇವೆ. ತಿಥಿಯ ಟೇಬಲ್ 2030ರವರೆಗೆ ಉಚಿತ, ಆಚೆಯದು ಬೇಕಾದರೆ ದುಡ್ಡು. ಟೇಬಲ್ ಬೆಂಗಳೂರಿನ ಸೂರ್ಯೋದಯಕ್ಕೆ ಮಾಡಿದ್ದು. ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಹಾಕುವವರು ಸೂರ್ಯೋದಯದ ಆಸುಪಾಸಿನಲ್ಲಿ ತಿಥಿ ಬದಲಾಗುವ ದಿನಗಳನ್ನು ಊರಿನ ಪಂಚಾಂಗದ ಜೊತೆ ಒಂದು ಸಲ ತಾಳೆ ನೋಡಿ. ಎಂಟನೇ ಕಾಲಂ ಡಿಫಾಲ್ಟ್ ಆಫ್ ಇದೆ, ಛತ್ರಕ್ಕೆ ಹಾಕುವವರು ಮರೆಯದೆ ಆನ್ ಮಾಡಿ.