ಹೆಣಿಗೆ ಕಲಿಸುವಾಗ ಮೊದಲ ನಾಲ್ಕು ಸಾಲು ನೀವೇ ಹಾಕಿಕೊಡಿ

ಖಾಲಿ ಕಡ್ಡಿ ಕೈಗಿಟ್ಟು ‘ಮೊದಲು ಕುಣಿಕೆ ಹಾಕು’ ಎನ್ನಬೇಡಿ. ಹೊಸಬರು ಸೋಲುವುದು ಅಲ್ಲೇ. ಕುಣಿಕೆ ಹಾಕುವುದು ಬೇರೆಯೇ ಕೈಚಳಕ, ಅದರ ಮೇಲಿನ ಮೊದಲ ಸಾಲಂತೂ ಬಿಗಿಯಾಗಿದ್ದು ತಿರುಚಿಕೊಳ್ಳುತ್ತಿರುತ್ತದೆ. 20 ಕುಣಿಕೆ ಹಾಕಿ, 4 ಸಾಲು ಹೆಣೆದು, ಹಿಡಿಯಲು ಒಂದಿಷ್ಟು ಬಟ್ಟೆ ಇರುವಾಗ ಕೊಡಿ.

ಉಲ್ಲನ್ ನುಣುಪಾಗಿ, ಮಧ್ಯಮ ದಪ್ಪವಾಗಿ, ತಿಳಿ ಬಣ್ಣದ್ದಾಗಿರಲಿ. 50 ಗ್ರಾಂ ಉಂಡೆ ಧಾರಾಳ ಸಾಕು. ಕಪ್ಪು ದಾರದಲ್ಲಿ ಕುಣಿಕೆ ಕಾಣುವುದಿಲ್ಲ, ಜುಂಗು ಜುಂಗಿನ ದಾರ ಬಿಚ್ಚಲು ಬರುವುದಿಲ್ಲ. ಕಡ್ಡಿ 4 ಮಿ.ಮೀ. ದಪ್ಪದ್ದು. ನಮ್ಮಲ್ಲಿ ಹಳೆಯ ಬ್ರಿಟಿಷ್ ನಂಬರಿನಲ್ಲಿ ಕೇಳುವುದಾದರೆ 8. ಈ ಲೆಕ್ಕದಲ್ಲಿ ನಂಬರು ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ 8ನೇ ನಂಬರು 5 ಮಿ.ಮೀ. ಇರುತ್ತದೆ, ಅಲ್ಲಿನ ಲೆಕ್ಕ ತಿರುಗುಮುರುಗು. ಮಿ.ಮೀ. ನೋಡಿಯೇ ಕೊಳ್ಳಿ.

ಎದುರಿಗಲ್ಲ, ಪಕ್ಕದಲ್ಲಿ ಕುಳಿತು ಕಲಿಸಿ. ಕುಣಿಕೆ ತುಂಬಿದ ಕಡ್ಡಿ ಎಡಗೈಯಲ್ಲಿ, ದಾರ ಹಿಂದೆ. ಬಲಗಡ್ಡಿಯನ್ನು ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ ತೂರಿಸಬೇಕು. ದಾರವನ್ನು ಬಲಗಡ್ಡಿಯ ತುದಿಗೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಒಮ್ಮೆ ಸುತ್ತಿ, ಆ ಸುತ್ತನ್ನು ಕುಣಿಕೆಯೊಳಗಿಂದ ಮುಂದಕ್ಕೆ ಎಳೆದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಬೇಕು. ಇದೇ ನಿಟ್ ಹೆಣಿಗೆ. ತೂರಿಸು, ಸುತ್ತು, ಎಳೆ, ಜಾರಿಸು: ಕೈ ಪಳಗುವವರೆಗೆ ಬಾಯಲ್ಲಿ ಹೇಳಿಸಿ.

ಪ್ರತಿ ಸಾಲಿನ ಕೊನೆಗೆ ಎಣಿಸಲಿ. 20 ಇದ್ದದ್ದು 21 ಆದರೆ ಸಾಮಾನ್ಯವಾಗಿ ಎರಡೇ ಕಾರಣ. ಸಾಲು ಮುಗಿಸಿ, ಕಡ್ಡಿಗಳನ್ನು ಕೈ ಬದಲಿಸಿ ಕೆಲಸ ತಿರುಗಿಸಿದ ಮೇಲೆ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಮೇಲೆದ್ದು ಎರಡಾಗಿ ಕಾಣುತ್ತದೆ. ದಾರ ಕಡ್ಡಿಯ ಕೆಳಗಿನಿಂದ ಹೋಗಬೇಕು. ನಡುವೆ ತೂತು ಕಂಡರೆ ದಾರ ಮುಂದೆ ಉಳಿದಿತ್ತು ಎಂದರ್ಥ. 19 ಆದರೆ ಒಂದು ಕುಣಿಕೆ ಜಾರಿದೆ: ಎಳೆದಾಡದೆ ಅದಕ್ಕೊಂದು ಸೇಫ್ಟಿ ಪಿನ್ನು ಹಾಕಿ, ಆಮೇಲೆ ಕ್ರೋಶಾ ಕಡ್ಡಿಯಿಂದ ಮೇಲೆತ್ತಿ. ಕುಣಿಕೆ ಜರುಗದಷ್ಟು ಬಿಗಿಯಾದರೆ, ಕಡ್ಡಿಯ ಚೂಪು ತುದಿಯಲ್ಲೇ ಹೆಣೆಯುತ್ತಿದ್ದಾರೆ. ಹೊಸ ಕುಣಿಕೆ ದಪ್ಪ ಭಾಗಕ್ಕೆ ಬರುವಂತೆ ಮಾಡಿಸಿ. ತಪ್ಪನ್ನು ನೀವು ಸರಿಪಡಿಸಿ ಕೊಡುವುದಕ್ಕಿಂತ ಅವರ ಕೈಯಲ್ಲೇ ಬಿಚ್ಚಿಸುವುದು ಮೇಲು. ಬಿಚ್ಚುವಾಗಲೇ ಕುಣಿಕೆಯ ರಚನೆ ಕಣ್ಣಿಗೆ ಹತ್ತುತ್ತದೆ.

ಮೊದಲ ಕೆಲಸ ಒಂದು ಚೌಕವಾಗಲಿ. ಎರಡು ಸಾಲಿಗೆ ಒಂದು ದಿಂಡು, ಅಂದರೆ ಅಡ್ಡಕ್ಕೆ ಒಂದು ಉಬ್ಬುಗೆರೆ, ಏಳುತ್ತದೆ. 20 ಕುಣಿಕೆಗೆ ಸುಮಾರು 20 ದಿಂಡು, ಅಂದರೆ 40 ಸಾಲಾದರೆ ಚೌಕ ಸಿದ್ಧ. ಮೂಲೆಯಿಂದ ಮೂಲೆಗೆ ಮಡಿಸಿ ನೋಡಿ, ಅಂಚು ಕೂಡಿದರೆ ಸರಿ. ಕುಣಿಕೆಗಳು ಬಿಚ್ಚದಂತೆ ಮುಚ್ಚುವ ಮೊದಲು ಚೌಕದ ಅಗಲದ ನಾಲ್ಕು ಪಟ್ಟು ದಾರ ಉಳಿದಿದೆಯೇ ನೋಡಿಕೊಳ್ಳಿ. ಎರಡು ಕುಣಿಕೆ ಹೆಣೆದು, ಮೊದಲನೆಯದನ್ನು ಎರಡನೆಯದರ ಮೇಲಿಂದ ದಾಟಿಸಿ. ಇನ್ನೊಂದು ಹೆಣೆದು ಮತ್ತೆ ದಾಟಿಸಿ. ಇಲ್ಲಿ ಕೈ ಸಡಿಲವಿರಲಿ, ಬಿಗಿದರೆ ಮೇಲಂಚು ಸುಕ್ಕುಗಟ್ಟುತ್ತದೆ. ಕೊನೆಯ ಕುಣಿಕೆಯೊಳಗೆ ದಾರದ ತುದಿ ಎಳೆದು, ದಪ್ಪ ಸೂಜಿಯಿಂದ ದಿಂಡುಗಳ ನಡುವೆ 5 ಸೆಂ.ಮೀ. ಹೊಗಿಸಿ ಕತ್ತರಿಸಿ.

ಪರ್ಲ್, ಅಂದರೆ ದಾರ ಮುಂದಿಟ್ಟುಕೊಂಡು ಹೆಣೆಯುವ ಉಲ್ಟಾ ಹೆಣಿಗೆ, ಆಮೇಲೆ ಕಲಿಸಿ. ಒಂದು ಸಾಲು ನಿಟ್, ಒಂದು ಸಾಲು ಪರ್ಲ್ ಮಾಡಿದ ಬಟ್ಟೆಯ ಅಂಚು ಸುರುಳಿ ಸುತ್ತುವುದು ಅದರ ಸ್ವಭಾವ ಎಂದು ಮೊದಲೇ ಹೇಳಿಬಿಡಿ. ಅದನ್ನು ಚಪ್ಪಟೆ ಮಾಡಲೆಂದು ಅಕ್ರಿಲಿಕ್ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ದಾರ ಸತ್ತು ಜೋತುಬೀಳುತ್ತದೆ; ಅಂಚಿಗೆ ಎರಡೂ ಬದಿ ನಾಲ್ಕು ನಾಲ್ಕು ಕುಣಿಕೆ ಎಲ್ಲ ಸಾಲಿನಲ್ಲೂ ನಿಟ್ ಹೆಣೆದರೆ ಸುರುಳಿ ಎಷ್ಟೋ ಹಿಡಿತಕ್ಕೆ ಬರುತ್ತದೆ.